ಆರೋಗ್ಯದ ಅಂಕಿಗಳು ಮತ್ತು ಹಿಸ್ಟೋಗ್ರಾಮ್: ಮಕ್ಕಳಿಗೆ ಕಲಿಸುವ ಒಂದು ಬಗೆ

ಇಂದಿನ ಸಂಸಾರಗಳಲ್ಲಿ ಅಂಕಿಗಳಿಲ್ಲದ ಕಾಯಿಲೆಯೇ ಇಲ್ಲವೆನ್ನಬಹುದು. ಜ್ವರಕ್ಕೆ ಒಂದು ಅಂಕಿ, ರಕ್ತದ ಒತ್ತಡಕ್ಕೆ ಎರಡು, ಸಕ್ಕರೆ ಕಾಯಿಲೆಗೆ ಬರಿಹೊಟ್ಟೆಯದೊಂದು, ಊಟವಾದ ಮೇಲಿನದೊಂದು, ಮೂರು ತಿಂಗಳಿನದು ಮತ್ತೊಂದು. ಪ್ರಯೋಗಾಲಯದಿಂದ ಬಂದ ವರದಿಯನ್ನು ಮನೆಮಂದಿಯೆಲ್ಲ ಸೇರಿ ಓದುತ್ತಾರೆ. ಯಾವುದಾದರೊಂದು ಅಂಕಿಯ ಪಕ್ಕದಲ್ಲಿ ನಕ್ಷತ್ರದ ಗುರುತಿದ್ದರೆ ಅಂದಿನ ರಾತ್ರಿ ಯಾರಿಗೂ ನಿದ್ರೆಯಿಲ್ಲ. ಅದೇ ಮನೆಯಲ್ಲಿ ಒಂಬತ್ತನೆಯ ಅಥವಾ ಹತ್ತನೆಯ ತರಗತಿಯಲ್ಲಿ ಓದುವ ಮಗನೋ ಮಗಳೋ ಇರುತ್ತಾರೆ. ಸರಾಸರಿ, ಮಧ್ಯಾಂಕ, ಬಹುಲಕ ಇವುಗಳ ಲೆಕ್ಕದಲ್ಲಿ ಪೂರ್ಣ ಅಂಕ ಪಡೆದ ಮಗು ಅದು. ಆದರೆ ಅಜ್ಜನ ವರದಿಯಲ್ಲಿ ಮುದ್ರಿತವಾಗಿರುವ 'ಸಾಮಾನ್ಯ ಮಿತಿ' ಎಂದರೇನು, ಅದು ಎಲ್ಲಿಂದ ಬಂದಿತು ಎಂದು ಕೇಳಿದರೆ ಉತ್ತರ ಹೊಳೆಯದು.

ಇದು ಮಗುವಿನ ದೋಷವಲ್ಲ. ಸಂಖ್ಯಾಶಾಸ್ತ್ರವನ್ನು ನಾವು ಕಲಿಸುತ್ತಿರುವ ಕ್ರಮವೇ ತಲೆಕೆಳಗಾಗಿದೆ. ಮೊದಲು ಸೂತ್ರ, ಬಳಿಕ ಲೆಕ್ಕ, ಸಮಯ ಉಳಿದರೆ ಕೊನೆಯಲ್ಲಿ ಚಿತ್ರ ಎಂಬುದು ರೂಢಿಯಾಗಿದೆ. ಚಿತ್ರವೇ ಮೊದಲು ಬರಬೇಕು. ಅಂಕಿಗಳ ಗುಂಪು ಯಾವ ಆಕಾರದಲ್ಲಿ ಹರಡಿಕೊಂಡಿದೆ ಎಂಬುದನ್ನು ಕಣ್ಣಾರೆ ಕಂಡ ಮೇಲೆಯೇ ಅದನ್ನು ಒಂದೆರಡು ಸಂಖ್ಯೆಗಳಲ್ಲಿ ಅಡಕಗೊಳಿಸುವ ಪ್ರಯತ್ನಕ್ಕೆ ಅರ್ಥವುಂಟು ಎಂಬುದು ಈ ಲೇಖಕನ ದೃಢವಾದ ಅಭಿಪ್ರಾಯ. ಹೊರನಾಡಿನಲ್ಲಿ ನೆಲೆಸಿರುವ ನಮ್ಮ ಮಕ್ಕಳಿಗೆ ಶಾಲೆಯಲ್ಲಿ ದೊರೆಯದ ಈ ಪಾಠವನ್ನು ಮನೆಯಲ್ಲಿ ತಾಯಿತಂದೆಗಳೇ ಹೇಳಿಕೊಡಬಹುದು. ಸಂಘದ ಭಾನುವಾರದ ತರಗತಿಯಲ್ಲಿಯೂ ನಡೆಸಬಹುದು. ಒಂದು ಚೌಕಳಿ ಕಾಗದ, ಒಂದು ಪೆನ್ಸಿಲು, ಸೆಕೆಂಡಿನ ಮುಳ್ಳಿರುವ ಒಂದು ಗಡಿಯಾರ ಇವಿಷ್ಟೇ ಸಾಕು.

ಹಿಸ್ಟೋಗ್ರಾಮ್ ಎಂದರೇನು?

ಅಂಚೆಯ ಕಚೇರಿಯಲ್ಲಿ ಕಾಗದಗಳನ್ನು ಬಡಾವಣೆಗನುಸಾರವಾಗಿ ಖಾನೆಗಳಿಗೆ ಹಾಕುವುದನ್ನು ಕಂಡಿದ್ದೇವೆ. ಯಾವ ಖಾನೆ ತುಂಬಿದೆ, ಯಾವುದು ಬರಿದಾಗಿದೆ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಹಿಸ್ಟೋಗ್ರಾಮಿನ ಕೆಲಸವೂ ಇದೇ. ಅಳತೆಗಳನ್ನು ಸಮನಾದ ವರ್ಗಾಂತರಗಳಾಗಿ ವಿಂಗಡಿಸಿ, ಪ್ರತಿಯೊಂದು ವರ್ಗದಲ್ಲಿ ಎಷ್ಟು ಅಳತೆಗಳು ಬಿದ್ದವೆಂಬುದನ್ನು ಆಯತದ ಎತ್ತರದಿಂದ ತೋರಿಸುವ ಚಿತ್ರ ಅದು. ಇದನ್ನು ಸ್ತಂಭಾಲೇಖದೊಡನೆ ಬೆರೆಸಬಾರದು. ಸ್ತಂಭಾಲೇಖದಲ್ಲಿ ಮಾವು, ಬಾಳೆ, ಸೇಬು ಎಂಬ ಬೇರೆ ಬೇರೆ ಜಾತಿಗಳಿರುತ್ತವೆ. ಕಂಬಗಳ ನಡುವೆ ತೆರಪಿರುತ್ತದೆ. ಅವುಗಳ ಸ್ಥಾನವನ್ನು ಅದಲುಬದಲು ಮಾಡಿದರೂ ನಷ್ಟವಿಲ್ಲ. ಹಿಸ್ಟೋಗ್ರಾಮಿನಲ್ಲಿಯಾದರೋ ಅಡ್ಡಗೆರೆಯೇ ಒಂದು ಅಳತೆಗೋಲು. ಆಯತಗಳು ಒಂದಕ್ಕೊಂದು ತಾಗಿ ನಿಲ್ಲುತ್ತವೆ. ಸ್ಥಾನ ಬದಲಿಸಿದರೆ ಚಿತ್ರವೇ ಸುಳ್ಳಾಗುತ್ತದೆ. ಈ ಹೆಸರನ್ನು ಕಳೆದ ಶತಮಾನಕ್ಕೂ ಹಿಂದೆ, 1890ರ ದಶಕದಲ್ಲಿ, ಬಳಕೆಗೆ ತಂದವರು ಇಂಗ್ಲೆಂಡಿನ ಕಾರ್ಲ್ ಪಿಯರ್ಸನ್. 'ಮಾನಕ ವಿಚಲನೆ'ಗೆ ಇಂಗ್ಲಿಷಿನಲ್ಲಿ ಹೆಸರಿಟ್ಟವರೂ ಅವರೇ.

ತೊಂಬತ್ತೆಂಟು ಬಿಂದು ಆರು

ಎಲ್ಲರ ಮನೆಯಲ್ಲಿಯೂ ಇರುವ ಥರ್ಮಾಮೀಟರಿನಿಂದಲೇ ಆರಂಭಿಸೋಣ. ಮನುಷ್ಯನ ದೇಹದ ಸಹಜ ಉಷ್ಣತೆ ಎಷ್ಟು ಎಂದರೆ ಶಾಲೆಯ ಮಕ್ಕಳೆಲ್ಲರೂ ಒಕ್ಕೊರಲಿನಿಂದ 98.6 ಡಿಗ್ರಿ ಫ್ಯಾರನ್‌ಹೀಟ್ ಎನ್ನುತ್ತಾರೆ. ಈ ಅಂಕಿಯನ್ನು ಲೋಕಪ್ರಸಿದ್ಧಗೊಳಿಸಿದವರು ಜರ್ಮನಿಯ ಲೈಪ್‌ಜಿಗ್ ನಗರದ ವೈದ್ಯ ಕಾರ್ಲ್ ವುಂಡರ್‌ಲಿಕ್. ಸುಮಾರು 25,000 ರೋಗಿಗಳ ಕಂಕುಳಿನಲ್ಲಿ ಅಳೆದ ಉಷ್ಣತೆಗಳ ಆಧಾರದಿಂದ 1868ರಲ್ಲಿ ಅವರು ಪ್ರಕಟಿಸಿದ ಗ್ರಂಥದಲ್ಲಿ 37 ಡಿಗ್ರಿ ಸೆಲ್ಸಿಯಸ್ ಎಂಬ ಬೆಲೆಯಿದೆ. ಅದನ್ನು ಫ್ಯಾರನ್‌ಹೀಟಿಗೆ ತಿರುಗಿಸಿದಾಗ 98.6 ಆಯಿತು. ಇಲ್ಲಿ ಮಕ್ಕಳ ಗಮನವನ್ನು ಒಂದು ಕ್ಷಣ ನಿಲ್ಲಿಸಬೇಕು. 37 ಎಂಬುದು ಪೂರ್ಣಾಂಕಕ್ಕೆ ತಂದ ದುಂಡು ಸಂಖ್ಯೆ, 98.6 ಎಂಬುದು ದಶಮಾಂಶದವರೆಗೆ ಕರಾರುವಾಕ್ಕಾಗಿ ಅಳೆದಂತೆ ತೋರುವ ಸಂಖ್ಯೆ. ಆ ನಿಖರತೆ ಅಳತೆಯಿಂದ ಬಂದುದಲ್ಲ, ಗುಣಾಕಾರದಿಂದ ಬಂದುದು.

1992ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಮ್ಯಾಕೋವಿಯಾಕ್ ಎಂಬ ವೈದ್ಯರೂ ಅವರ ಸಂಗಡಿಗರೂ 148 ಮಂದಿ ಆರೋಗ್ಯವಂತರ ಬಾಯಿಯ ಉಷ್ಣತೆಯನ್ನು 700 ಬಾರಿ ಅಳೆದು ಫಲಿತಾಂಶವನ್ನು ಪ್ರಕಟಿಸಿದರು. ಸರಾಸರಿ 98.2 ಎಂದು ಬಂದಿತು. ಸರಿಯಾಗಿ 98.6 ಎಂದು ತೋರಿಸಿದ ಅಳತೆಗಳು ನೂರಕ್ಕೆ ಸುಮಾರು 8 ಮಾತ್ರ! ಬೆಳಗಿನ ಆರು ಗಂಟೆಯ ವೇಳೆಗೆ ದೇಹ ಹೆಚ್ಚು ತಂಪಾಗಿಯೂ ಸಂಜೆ ನಾಲ್ಕರಿಂದ ಆರರ ನಡುವೆ ಹೆಚ್ಚು ಬೆಚ್ಚಗೂ ಇರುವುದು ಕಂಡುಬಂದಿತು. ಆ ಲೇಖನದ ಚಿತ್ರಗಳನ್ನು ಆಧರಿಸಿ 1996ರಲ್ಲಿ ಆಲನ್ ಶೂಮೇಕರ್ ಎಂಬ ಅಧ್ಯಾಪಕರು 65 ಗಂಡಸರು, 65 ಹೆಂಗಸರು, ಒಟ್ಟು 130 ಮಂದಿಯ ಉಷ್ಣತೆ ಮತ್ತು ನಾಡಿಬಡಿತಗಳ ಒಂದು ಪಟ್ಟಿಯನ್ನು ವಿದ್ಯಾರ್ಥಿಗಳ ಅಭ್ಯಾಸಕ್ಕೆಂದು ಸಿದ್ಧಗೊಳಿಸಿದರು. ಅಂದಿನಿಂದ ಇಂದಿನವರೆಗೆ ಸಂಖ್ಯಾಶಾಸ್ತ್ರದ ತರಗತಿಗಳಲ್ಲಿ ಅತ್ಯಂತ ಹೆಚ್ಚಾಗಿ ಬಳಕೆಯಾಗಿರುವ ಪಟ್ಟಿಗಳಲ್ಲಿ ಅದೂ ಒಂದು.

ಈ ಪಟ್ಟಿಯನ್ನು ಮಗುವಿನ ಕೈಗೆ ಕೊಟ್ಟು, ಯಾವ ಲೆಕ್ಕವನ್ನೂ ಮಾಡುವ ಮುನ್ನ ಊಹೆಯ ಒಂದು ಚಿತ್ರ ಬರೆ ಎನ್ನಬೇಕು. ಬಹುಮಂದಿ ಮಕ್ಕಳು 98.6ರ ಮೇಲೆ ಒಂದು ಗೋಪುರವನ್ನು ನಿಲ್ಲಿಸಿ ಅಕ್ಕಪಕ್ಕದಲ್ಲಿ ಒಂದೆರಡು ಮೆಟ್ಟಿಲು ಬರೆಯುವುದು ಸಹಜ. ನಿಜವಾದ ಚಿತ್ರ ಹಾಗಿರುವುದಿಲ್ಲ. ಅದು 96.3ರಿಂದ 100.8ರವರೆಗೆ ಹಬ್ಬಿದ ಒಂದು ಗುಡ್ಡ. ಮೊದಲು ಒಂದೊಂದು ಡಿಗ್ರಿ ಅಗಲದ ವರ್ಗಗಳಲ್ಲಿ ಬರೆಯಿಸಿದರೆ ಐದೇ ಆಯತಗಳು. ಗುಡ್ಡ ಮೊಂಡಾಗಿ ಏನನ್ನೂ ಹೇಳುವುದಿಲ್ಲ. ಡಿಗ್ರಿಯ ಹತ್ತನೆಯ ಒಂದು ಭಾಗದ ಅಗಲದಲ್ಲಿ ಬರೆಯಿಸಿದರೆ ಚಿತ್ರ ಗರಗಸದಂತೆ ಏರಿಳಿದು ಕಣ್ಣಿಗೆ ಗೊಂದಲವಾಗುತ್ತದೆ. ಡಿಗ್ರಿಯ ಕಾಲುಭಾಗದ ಅಥವಾ ಅರ್ಧಭಾಗದ ಆಸುಪಾಸಿನಲ್ಲಿ ಆಕಾರ ತಾನಾಗಿ ಮೂಡುತ್ತದೆ. ವರ್ಗಾಂತರದ ಅಗಲಕ್ಕೆ ಸೂತ್ರಗಳುಂಟು. ಆದರೆ ಮೂರು ನಾಲ್ಕು ಅಗಲಗಳಲ್ಲಿ ಬರೆದು ನೋಡಿದ ಮಗುವಿಗೆ ಆ ಸೂತ್ರ ಬೇಕಾಗುವುದಿಲ್ಲ. ಇಂದು ಗಣಕಯಂತ್ರವು ಕ್ಷಣಮಾತ್ರದಲ್ಲಿ ಹಿಸ್ಟೋಗ್ರಾಮ್ ಬರೆದು ಕೊಡುತ್ತದೆ ನಿಜ; ಆದರೂ ಮೊದಲನೆಯದನ್ನು ಕೈಯಿಂದಲೇ ಬರೆಯಿಸುವುದು ಮೇಲು.

ಗುಡ್ಡ ಕಂಡಮೇಲೆ ಪ್ರಶ್ನೆಗಳು ತಾವಾಗಿ ಏಳುತ್ತವೆ. ನಡುವೆಲ್ಲಿದೆ? ಎಷ್ಟು ಅಗಲವಿದೆ? ಒಂಟಿಯಾಗಿ ದೂರ ನಿಂತದ್ದು ಯಾವುದು? ಈಗ ಲೆಕ್ಕ ಮಾಡಿಸಬೇಕು. ಸರಾಸರಿ 98.25, ಮಧ್ಯಾಂಕ 98.3. ಇವೆರಡೂ ಹತ್ತಿರ ಹತ್ತಿರ ಇರುವುದರಿಂದ ಗುಡ್ಡದ ಇಳಿಜಾರು ಎರಡೂ ಕಡೆ ಹೆಚ್ಚುಕಡಿಮೆ ಒಂದೇ ತೆರನಾಗಿದೆಯೆಂದು ತಿಳಿಯುತ್ತದೆ. ಮಂದಿಯನ್ನು ಉಷ್ಣತೆಯ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿ ನಾಲ್ಕು ಪಾಲು ಮಾಡಿದರೆ ಮೊದಲನೆಯ ಚತುರ್ಥಕ 97.8, ಮೂರನೆಯದು 98.7. ಅಂದರೆ ನಡುವಣ ಅರ್ಧದಷ್ಟು ಜನ ಒಂದು ಡಿಗ್ರಿಗಿಂತಲೂ ಕಡಿಮೆ ಜಾಗದಲ್ಲಿ ಒತ್ತಾಗಿ ನಿಂತಿದ್ದಾರೆ. 100.8 ಎಂಬ ಅಳತೆ ಮಾತ್ರ ಒಂಟಿ; ಅದಕ್ಕೆ ಹತ್ತಿರದ್ದು 100.0. ಅದನ್ನು ಅಳಿಸಿಹಾಕಿದರೆ ಏನಾಗುತ್ತದೆಂದು ಮಗು ಪರೀಕ್ಷಿಸಲಿ. ಸರಾಸರಿ 98.23ಕ್ಕೆ ಇಳಿಯುತ್ತದೆ, ಮಧ್ಯಾಂಕ ಅಲುಗುವುದಿಲ್ಲ. ಆದರೆ ಅಳಿಸುವ ಹಕ್ಕು ನಮಗಿದೆಯೇ? ಆಕೆಗೆ ಅಂದು ಜ್ವರ ಬರುವುದರಲ್ಲಿತ್ತೇ, ಬರೆಯುವವರು ತಪ್ಪು ಬರೆದರೇ, ಅಥವಾ ಆಕೆಯ ಪ್ರಕೃತಿಯೇ ಅಂತಹುದೇ? ಚಿತ್ರ ಇದಕ್ಕೆ ಉತ್ತರ ಹೇಳದು. ಆದರೆ ಕೇಳಲೇಬೇಕಾದ ಪ್ರಶ್ನೆಯನ್ನು ಎತ್ತಿಕೊಡುತ್ತದೆ.

ಮುಂದೆ ಗಂಡಸರ ಚಿತ್ರವನ್ನೂ ಹೆಂಗಸರ ಚಿತ್ರವನ್ನೂ ಒಂದೇ ಅಳತೆಗೋಲಿನಲ್ಲಿ ಒಂದರ ಕೆಳಗೊಂದು ಬರೆಯಿಸಬೇಕು. ಗಂಡಸರ ಸರಾಸರಿ 98.1, ಹೆಂಗಸರದು 98.4. ಹೆಂಗಸರ ಗುಡ್ಡ ಕೊಂಚ ಬಲಕ್ಕೆ ಸರಿದಿದೆಯಾದರೂ ಎರಡೂ ಬಹುತೇಕ ಒಂದರ ಮೇಲೊಂದು ಬೀಳುತ್ತವೆ. ಆದುದರಿಂದ ಒಬ್ಬರ ಉಷ್ಣತೆಯನ್ನು ನೋಡಿ ಅದು ಗಂಡಸಿನದೋ ಹೆಂಗಸಿನದೋ ಎಂದು ಹೇಳಲು ಸಾಧ್ಯವೇ ಇಲ್ಲ. ಗುಂಪುಗುಂಪುಗಳ ನಡುವಣ ವ್ಯತ್ಯಾಸವೇ ಬೇರೆ, ವ್ಯಕ್ತಿವ್ಯಕ್ತಿಗಳ ನಡುವಣ ವ್ಯತ್ಯಾಸವೇ ಬೇರೆ ಎಂಬ ತಿಳಿವಳಿಕೆ ಎಳೆಯ ವಯಸ್ಸಿನಲ್ಲಿ ಬಂದರೆ ಎಷ್ಟೋ ಪೂರ್ವಗ್ರಹಗಳು ಬೇರೂರುವುದಕ್ಕೆ ಎಡೆಯಿರುವುದಿಲ್ಲ.

ನಕ್ಷತ್ರದ ಗುರುತು

ಗುಡ್ಡದ ಅಗಲವನ್ನು ಹೇಳುವ ಅಂಕಿಯೇ ಮಾನಕ ವಿಚಲನೆ. ಸರಾಸರಿಯಿಂದ ಅಳತೆಗಳು ಸಾಮಾನ್ಯವಾಗಿ ಎಷ್ಟು ದೂರ ಚದುರಿವೆ ಎಂಬುದನ್ನು ಅದು ಸೂಚಿಸುತ್ತದೆ. ನಮ್ಮ ಉಷ್ಣತೆಯ ಪಟ್ಟಿಯಲ್ಲಿ ಅದು 0.73 ಡಿಗ್ರಿ. ಗುಡ್ಡ ಗಂಟೆಯ ಆಕಾರದಲ್ಲಿದ್ದರೆ ಸರಾಸರಿಯ ಎರಡೂ ಬದಿಗೆ ಎರಡೆರಡು ಮಾನಕ ವಿಚಲನೆಗಳ ಒಳಗೆ ನೂರರಲ್ಲಿ ಸುಮಾರು 95 ಅಳತೆಗಳು ಬರುತ್ತವೆ.

ಪ್ರಯೋಗಾಲಯದ ವರದಿಯ 'ಸಾಮಾನ್ಯ ಮಿತಿ' ಹುಟ್ಟುವುದೇ ಇಲ್ಲಿ. ಆರೋಗ್ಯವಂತರೆಂದು ತಿಳಿದ ಬಹುಮಂದಿಯ ರಕ್ತವನ್ನು ಪರೀಕ್ಷಿಸಿ, ಆ ಅಂಕಿಗಳ ನಡುವಣ ನೂರಕ್ಕೆ 95 ಭಾಗವನ್ನು ಸಾಮಾನ್ಯವೆಂದು ಕರೆಯುವುದು ಹಲವು ಪರೀಕ್ಷೆಗಳಲ್ಲಿ ಅನುಸರಿಸುವ ಪದ್ಧತಿ. ಹಾಗಾದರೆ ಮಿತಿಯ ಹೊರಗೆ ಉಳಿದ 5 ಮಂದಿ ಯಾರು? ಅವರೂ ಆರೋಗ್ಯವಂತರೇ! ಇಂತಹ, ಪರಸ್ಪರ ಸಂಬಂಧವಿಲ್ಲದ 20 ಪರೀಕ್ಷೆಗಳನ್ನು ಒಬ್ಬ ಆರೋಗ್ಯವಂತನ ಮೇಲೆ ಒಮ್ಮೆಲೇ ನಡೆಸಿದರೆ, ಎಲ್ಲಿಯಾದರೂ ಒಂದು ನಕ್ಷತ್ರ ಬೀಳುವ ಸಂಭವ ನೂರಕ್ಕೆ 64. ಹತ್ತನೆಯ ತರಗತಿಯ ಮಗು ಕೂಡ 0.95ನ್ನು ಇಪ್ಪತ್ತು ಬಾರಿ ಗುಣಿಸಿ, ಬಂದದ್ದನ್ನು ಒಂದರಿಂದ ಕಳೆದು ಇದನ್ನು ಕಂಡುಕೊಳ್ಳಬಹುದು. ಆದುದರಿಂದಲೇ ಗಡಿಯ ಆಚೆಗೆ ಕೊಂಚ ಸರಿದ ಒಂದು ಅಂಕಿಯನ್ನು ಕಂಡಾಗ ವೈದ್ಯರು ಗಾಬರಿಯಾಗದೆ ಇನ್ನೊಮ್ಮೆ ಪರೀಕ್ಷಿಸೋಣವೆನ್ನುತ್ತಾರೆ. ಆದರೆ ಎಲ್ಲ ಮಿತಿಗಳೂ ಹೀಗೆ ಹುಟ್ಟಿದವಲ್ಲ. ರಕ್ತದ ಒತ್ತಡ, ಸಕ್ಕರೆ, ಕೊಲೆಸ್ಟರಾಲ್ ಇವುಗಳ ಮಿತಿಗಳನ್ನು ಮುಂದೆ ಬರಬಹುದಾದ ಅಪಾಯವನ್ನು ನೋಡಿ ನಿಗದಿಪಡಿಸಲಾಗಿದೆ. ಅಲ್ಲಿ 'ನಮ್ಮ ವಯಸ್ಸಿನವರಿಗೆಲ್ಲ ಇಷ್ಟೇ ಇದೆ' ಎಂಬ ಸಮಾಧಾನ ಸಲ್ಲದು.

ಹರಹನ್ನು ಮರೆತು ಸರಾಸರಿಯೊಂದನ್ನೇ ನಂಬಿದರೆ ಆಗುವ ಪ್ರಮಾದಕ್ಕೆ ಮೂರು ತಿಂಗಳ ಸಕ್ಕರೆಯ ಪರೀಕ್ಷೆ ಒಳ್ಳೆಯ ನಿದರ್ಶನ. ಅದು 7 ಪ್ರತಿಶತ ಬಂದರೆ ರಕ್ತದ ಸಕ್ಕರೆಯ ಸರಾಸರಿ ಸುಮಾರು 154 ಮಿಲಿಗ್ರಾಂ ಎಂದು ಅರ್ಥ. ಒಬ್ಬನ ಸಕ್ಕರೆ 130ರಿಂದ 180ರೊಳಗೆ ಆಡುತ್ತಿರಬಹುದು. ಇನ್ನೊಬ್ಬನದು ಒಮ್ಮೆ 60ಕ್ಕೆ ಕುಸಿದು ಮತ್ತೊಮ್ಮೆ 280ಕ್ಕೆ ನೆಗೆಯುತ್ತಿರಬಹುದು. ಇಬ್ಬರ ಸರಾಸರಿಯೂ ಒಂದೇ. ಆದರೆ ನಡುರಾತ್ರಿ ಬೆವೆತು ಪ್ರಜ್ಞೆ ತಪ್ಪುವ ಭಯ ಎರಡನೆಯವನಿಗೆ ಮಾತ್ರ.

ಬಾಲವುಳ್ಳ ಗುಡ್ಡಗಳು

ಎಲ್ಲ ಗುಡ್ಡಗಳೂ ಗಂಟೆಯಾಕಾರದಲ್ಲಿರುವುದಿಲ್ಲ. ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಆಸ್ಪತ್ರೆಯ ಒಂದು ವಾರ್ಡಿನಲ್ಲಿ ಒಂಬತ್ತು ಮಂದಿ ಉಳಿದ ದಿನಗಳು: 2, 2, 3, 3, 3, 4, 4, 5, 28. ಒಟ್ಟು 54 ದಿನ, ಸರಾಸರಿ 6. ಆದರೆ ಒಂಬತ್ತರಲ್ಲಿ ಎಂಟು ಮಂದಿ ಆರು ದಿನಕ್ಕಿಂತ ಮೊದಲೇ ಮನೆಗೆ ಹೋಗಿದ್ದಾರೆ! ಮಧ್ಯಾಂಕ 3. ಬಲಕ್ಕೆ ಉದ್ದನೆಯ ಬಾಲವಿರುವ ಇಂತಹ ಚಿತ್ರಗಳಲ್ಲಿ ಸರಾಸರಿಯನ್ನು ಬಾಲ ಎಳೆದುಕೊಂಡು ಹೋಗುತ್ತದೆ. ಮಕ್ಕಳಿಗೆ ಇದನ್ನು ಕೈಯಲ್ಲಿಯೇ ಅನುಭವಕ್ಕೆ ತಂದುಕೊಡಬಹುದು. ಹಿಸ್ಟೋಗ್ರಾಮನ್ನು ದಪ್ಪ ರಟ್ಟಿನ ಮೇಲೆ ಬರೆದು ಕತ್ತರಿಸಿ, ಪೆನ್ಸಿಲಿನ ಮೇಲೆ ತೂಗಿಸಿ ನಿಲ್ಲಿಸಿದರೆ, ಅದು ಸಮತೂಕದಲ್ಲಿ ನಿಲ್ಲುವ ಜಾಗವೇ ಸರಾಸರಿ. ಎರಡು ತುಂಡುಗಳಲ್ಲಿಯೂ ರಟ್ಟು ಸಮನಾಗಿ ಉಳಿಯುವಂತೆ ಎಲ್ಲಿ ಕತ್ತರಿ ಹಾಕಬೇಕೋ ಅದು ಮಧ್ಯಾಂಕ. ಇದನ್ನೊಮ್ಮೆ ಮಾಡಿದ ಮಗು ಎರಡರ ವ್ಯತ್ಯಾಸವನ್ನು ಮರೆಯುವುದು ಕಷ್ಟ.

ಈ ವ್ಯತ್ಯಾಸ ಒಬ್ಬ ಮನುಷ್ಯನಿಗೆ ಜೀವನ್ಮರಣದ ಮಾತಾದ ಪ್ರಸಂಗವೊಂದಿದೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಜೀವವಿಕಾಸವನ್ನು ಬೋಧಿಸುತ್ತಿದ್ದ ಸ್ಟೀಫನ್ ಜೇ ಗೌಲ್ಡ್ ಅವರಿಗೆ 1982ರಲ್ಲಿ, ನಲವತ್ತರ ವಯಸ್ಸಿನಲ್ಲಿ, ಹೊಟ್ಟೆಯ ಒಳಪೊರೆಗೆ ತಗಲುವ ಮೀಸೊಥೀಲಿಯೋಮಾ ಎಂಬ ಅಪರೂಪದ, ವಾಸಿಯಾಗದ ಕ್ಯಾನ್ಸರ್ ಇರುವುದು ಪತ್ತೆಯಾಯಿತು. ಗ್ರಂಥಾಲಯಕ್ಕೆ ಹೋಗಿ ವೈದ್ಯಕೀಯ ಬರಹಗಳನ್ನು ತೆರೆದಾಗ ಅವರ ಕಣ್ಣಿಗೆ ಬಿದ್ದುದು ಒಂದೇ ಸಂಗತಿ: ರೋಗ ಪತ್ತೆಯಾದ ಮೇಲೆ ಬದುಕುಳಿಯುವ ಕಾಲದ ಮಧ್ಯಾಂಕ ಎಂಟು ತಿಂಗಳು.

ಬೇರೆಯವರಾಗಿದ್ದರೆ 'ಎಂಟು ತಿಂಗಳಲ್ಲಿ ನನ್ನ ಕಥೆ ಮುಗಿಯಿತು' ಎಂದು ಓದಿಕೊಳ್ಳುತ್ತಿದ್ದರು. ಗೌಲ್ಡ್ ಅಂಕಿಯ ಹಿಂದಿರುವ ಚಿತ್ರವನ್ನು ಮನಸ್ಸಿನಲ್ಲಿ ಬರೆದುಕೊಂಡರು. ಮಧ್ಯಾಂಕ ಎಂಟು ತಿಂಗಳೆಂದರೆ ಅರ್ಧ ಮಂದಿ ಅದಕ್ಕಿಂತ ಹೆಚ್ಚು ಕಾಲ ಬದುಕಿದ್ದಾರೆ. ಎಡಗಡೆಯ ಅರ್ಧಕ್ಕೆ ಸೊನ್ನೆಯಿಂದ ಎಂಟು ತಿಂಗಳವರೆಗಿನ ಇಕ್ಕಟ್ಟಾದ ಜಾಗ ಮಾತ್ರ. ಬಲಗಡೆಯ ಅರ್ಧವಾದರೋ ವರ್ಷಗಟ್ಟಲೆ ಚಾಚಬಹುದು. ಹಾಗಾದರೆ ಆ ಬಾಲದಲ್ಲಿ ನಿಲ್ಲುವವರು ಎಂಥವರು? ವಯಸ್ಸಿನಲ್ಲಿ ಚಿಕ್ಕವರು, ರೋಗ ಬೇಗ ಪತ್ತೆಯಾದವರು, ಉತ್ತಮ ಚಿಕಿತ್ಸೆ ದೊರೆತವರು. ತಮಗೆ ಈ ಅನುಕೂಲಗಳಿವೆಯೆಂದು ಅವರು ಕಂಡುಕೊಂಡರು. ಅಷ್ಟೇ ಅಲ್ಲದೆ, ತಾವು ಪಡೆಯುತ್ತಿದ್ದುದು ಪ್ರಾಯೋಗಿಕವಾದ ಹೊಸ ಚಿಕಿತ್ಸೆಯಾದುದರಿಂದ ಹಳೆಯ ಚಿಕಿತ್ಸೆಯಿಂದ ಮೂಡಿದ ಹಳೆಯ ಗುಡ್ಡ ತಮಗೆ ಅನ್ವಯಿಸಲೇಬೇಕೆಂದಿಲ್ಲ ಎಂದೂ ತರ್ಕಿಸಿದರು. 1985ರಲ್ಲಿ ಈ ಕುರಿತು ಅವರು ಬರೆದ ಪ್ರಬಂಧ ರೋಗಿಗಳಲ್ಲಿಯೂ ವೈದ್ಯರಲ್ಲಿಯೂ ಬಹಳ ಪ್ರಚಾರ ಪಡೆಯಿತು. ಅವರು ತೀರಿಕೊಂಡುದು 2002ರಲ್ಲಿ, ರೋಗ ಪತ್ತೆಯಾದ ಇಪ್ಪತ್ತು ವರ್ಷಗಳ ನಂತರ, ಅದೂ ಬೇರೊಂದು ಕ್ಯಾನ್ಸರಿನಿಂದ. ಸಂಖ್ಯಾಶಾಸ್ತ್ರ ಅವರ ರೋಗವನ್ನು ವಾಸಿಮಾಡಿತೆಂದು ಯಾರೂ ಭಾವಿಸಬಾರದು. ಚಿಕಿತ್ಸೆಯೂ ಅದೃಷ್ಟವೂ ಮಾಡಿದ ಕೆಲಸ ಅದು. ಆದರೆ ಒಂದು ಸಂಖ್ಯೆಯನ್ನು ಮರಣದಂಡನೆಯೆಂದು ತಪ್ಪಾಗಿ ಓದಿಕೊಳ್ಳುವ ಸಂಕಟದಿಂದ ಅವರು ಪಾರಾದುದು ಸಂಖ್ಯಾಶಾಸ್ತ್ರದ ದೆಸೆಯಿಂದಲೇ.

ಬರೆಯುವವರ ಕೈಚಳಕ

ಹಿಸ್ಟೋಗ್ರಾಮ್ ಅಳೆಯಿಸಿಕೊಂಡವರನ್ನು ಮಾತ್ರವಲ್ಲ, ಅಳೆದವರನ್ನೂ ಬಯಲಿಗೆಳೆಯುತ್ತದೆ. ಪಾದರಸದ ರಕ್ತದೊತ್ತಡದ ಮಾಪಕದಲ್ಲಿ ಎರಡೆರಡು ಮಿಲಿಮೀಟರಿಗೆ ಒಂದು ಗೆರೆಯಿರುತ್ತದೆ. ಆದ್ದರಿಂದ ಅಳತೆಗಳ ಕೊನೆಯಲ್ಲಿ 0, 2, 4, 6, 8 ಸರಿಸುಮಾರು ಸಮನಾಗಿ ಬರಬೇಕು. ಸೊನ್ನೆಯ ಪಾಲು ಐದರಲ್ಲೊಂದು. ಆದರೆ ಅನೇಕ ಕಡೆಗಳ ದಾಖಲೆಗಳನ್ನು ಪರಿಶೀಲಿಸಿದಾಗ 120, 130, 140 ಇವುಗಳ ಮೇಲೆ ಕಂಬಗಳು ಎದ್ದು ನಿಂತು ನಡುವಣ ಜಾಗಗಳು ಸೊರಗಿರುವುದು ಕಂಡುಬಂದಿದೆ. ಮನುಷ್ಯನಿಗೆ ದುಂಡು ಸಂಖ್ಯೆಗಳ ಮೇಲೆ ಮೋಹ. ಔಷಧವನ್ನು ಆರಂಭಿಸಬೇಕೇ ಬೇಡವೇ ಎಂಬ ತೀರ್ಮಾನ 140ರ ಅಂಚಿನಲ್ಲಿ ನಿಂತಿರುವಾಗ ಈ ಮೋಹ ನಿರಪಾಯವಾದುದಲ್ಲ.

ನಮ್ಮ ದೇಶದ ಜನಗಣತಿಯಲ್ಲಿಯೂ ಇದೇ ವಿದ್ಯಮಾನ. ವಯಸ್ಸಿನ ಪಟ್ಟಿಯನ್ನು ಒಂದೊಂದು ವರ್ಷದ ಅಗಲದಲ್ಲಿ ಬರೆದರೆ 30, 35, 40, 45, 50 ಇವುಗಳಲ್ಲಿ ಗೋಪುರಗಳು, ಅಕ್ಕಪಕ್ಕದಲ್ಲಿ ಹಳ್ಳಗಳು. ನಲವತ್ತೊಂದನೆಯ ವಯಸ್ಸಿನವರು ದೇಶದಲ್ಲಿ ಅಷ್ಟು ವಿರಳವೇ? ಇಲ್ಲ, ಹುಟ್ಟಿದ ತಾರೀಖು ತಿಳಿಯದ ಮುದುಕಿ 'ಒಂದೈವತ್ತಾಗಿರಬೇಕಪ್ಪ' ಎಂದದ್ದನ್ನು ಗಣತಿದಾರ ಹಾಗೆಯೇ ಬರೆದುಕೊಂಡಿದ್ದಾನೆ. ಸರಾಸರಿಯನ್ನು ಮಾತ್ರ ಲೆಕ್ಕ ಮಾಡಿದವನಿಗೆ ಈ ಗೋಪುರಗಳು ಎಂದಿಗೂ ಕಾಣಿಸವು.

ಭಾನುವಾರದ ತರಗತಿಗೆ

ಮಕ್ಕಳೇ ಅಳೆದ ಅಂಕಿಗಳಿಂದ ಪಾಠ ನಡೆದರೆ ಅದರ ರುಚಿಯೇ ಬೇರೆ. ಆದರೆ ಯಾವುದನ್ನು ಅಳೆಯಬೇಕೆಂಬ ವಿಷಯದಲ್ಲಿ ವಿವೇಚನೆ ಬೇಕು. ತರಗತಿಯ ಎದುರಿನಲ್ಲಿ ಮಕ್ಕಳ ತೂಕವನ್ನು ಅಳೆದು ಹಲಗೆಯ ಮೇಲೆ ಬರೆಯುವ ಅಭ್ಯಾಸ ಕೆಲವೆಡೆ ಉಂಟು. ಗುಡ್ಡದ ಬಾಲದಲ್ಲಿ ಒಂಟಿಯಾಗಿ ನಿಂತ ಚೌಕ ತನ್ನದೆಂದು ತಿಳಿದ ಮಗುವಿಗೆ ಆಗುವ ಅವಮಾನವನ್ನು ಯಾವ ಸಂಖ್ಯಾಶಾಸ್ತ್ರವೂ ಅಳೆಯಲಾರದು. ನಾಡಿಬಡಿತ ಒಳ್ಳೆಯದು. ಅದರಲ್ಲಿ ನಾಚಿಕೆಪಡುವಂತಹುದೇನೂ ಇಲ್ಲ, ಖರ್ಚೂ ಇಲ್ಲ.

ಮಕ್ಕಳನ್ನು ಐದು ನಿಮಿಷ ಸುಮ್ಮನೆ ಕೂರಿಸಿ, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ನಾಡಿಯನ್ನು ಹುಡುಕಲು ಹೇಳಬೇಕು. ಹೆಬ್ಬೆರಳಿಡುವುದು ಬೇಡ, ಅದರಲ್ಲಿಯೇ ನಾಡಿ ಬಡಿಯುವುದರಿಂದ ಗೊಂದಲವಾಗುತ್ತದೆ. ಮೊದಲ ಸಲ 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಲಿ. ಪ್ರತಿಯೊಬ್ಬರೂ ತಮ್ಮ ಅಂಕಿಯನ್ನು ಹೆಸರಿಲ್ಲದ ಚೀಟಿಯಲ್ಲಿ ಬರೆದು ಕೊಡಲಿ. ದೊಡ್ಡ ಕಾಗದದ ಮೇಲೆ ಒಂದೊಂದು ಬಡಿತಕ್ಕೂ ಒಂದೊಂದು ಖಾನೆ ಮಾಡಿ ಚೀಟಿಗಳನ್ನು ಒಂದರ ಮೇಲೊಂದರಂತೆ ಅಂಟಿಸುತ್ತ ಹೋದರೆ ಬಾಚಣಿಗೆಯಂತಹ ವಿಚಿತ್ರ ಚಿತ್ರವೊಂದು ಮೂಡುತ್ತದೆ. 72ರಲ್ಲಿ ಚೀಟಿಗಳಿವೆ, 76ರಲ್ಲಿವೆ, 80ರಲ್ಲಿವೆ. ನಡುವಣ ಖಾನೆಗಳೆಲ್ಲ ಬರಿದು. ಯಾರ ನಾಡಿಯೂ 73 ಅಥವಾ 78 ಬಾರಿ ಬಡಿಯುವುದಿಲ್ಲವೇ ಎಂದು ಕೇಳಿ ಅಧ್ಯಾಪಕರು ಮೌನವಾಗಿರಬೇಕು. ಉತ್ತರವನ್ನು ಮಕ್ಕಳೇ ಹೇಳುತ್ತಾರೆ: ನಾಲ್ಕರಿಂದ ಗುಣಿಸಿದ್ದೇ ಇದಕ್ಕೆ ಕಾರಣ. ಎರಡನೆಯ ಸಲ ಪೂರ್ತಿ ಒಂದು ನಿಮಿಷ ಎಣಿಸಿ ಇನ್ನೊಂದು ಕಾಗದದ ಮೇಲೆ ಅದೇ ಅಳತೆಗೋಲಿನಲ್ಲಿ ಅಂಟಿಸಲಿ. ಮೂರನೆಯ ಸಲ, ಮೆಟ್ಟಿಲನ್ನು ಮೂರು ನಿಮಿಷ ಹತ್ತಿಳಿದ ಮೇಲೆ. ಮೂರು ಕಾಗದಗಳನ್ನೂ ಗೋಡೆಯ ಮೇಲೆ ಒಂದರ ಕೆಳಗೊಂದು ತೂಗುಹಾಕಿ, ಅನಂತರವೇ ಸರಾಸರಿಯ ಸೂತ್ರವನ್ನು ಹಲಗೆಯ ಮೇಲೆ ಬರೆಯಬೇಕು.